ನಾಯಿ ಜೊತೆ ಹೊರಗೆ ಕಾಲಿಡಲು ಭಯ: ಯಾರಿಗಾದರೂ ಹೀಗಾಗಿದೆಯೇ?

ಗುಬ್ಬಿಯಮ್ಮ (ಭಾನುವಾರ, ರಾತ್ರಿ 9:42)

ಇಲ್ಲಿ ನಾನು ಓದುವುದೇ ಹೆಚ್ಚು, ಬರೆಯುವುದು ಕಡಿಮೆ. ಇವತ್ತು ಬರೆಯದೆ ನಿದ್ದೆ ಬರುವ ಹಾಗಿಲ್ಲ.

ನನ್ನ ಗುಬ್ಬಿಗೆ ನಾಲ್ಕು ವರ್ಷ, ತೂಕ ಆರು ಕಿಲೋ. 11 ದಿನದ ಹಿಂದೆ ಸಂಜೆ ಎಂದಿನ ದಾರಿಯಲ್ಲೇ ಹೋಗುತ್ತಿದ್ದೆವು. ಒಂದು ಮನೆಯ ಗೇಟು ಅರ್ಧ ತೆರೆದಿತ್ತು. ಅದನ್ನು ನೋಡಿದ್ದೆ, ನೋಡಿಯೂ ಏನೂ ಅನ್ನಿಸಿರಲಿಲ್ಲ. ಒಳಗಿಂದ ದೊಡ್ಡ ನಾಯಿಯೊಂದು ಬಂತು. ಬೊಗಳಲಿಲ್ಲ, ಗುರ್ ಅನ್ನಲಿಲ್ಲ. ಸೀದಾ ಬಂದು ಗುಬ್ಬಿಯ ಬೆನ್ನಿಗೆ ಬಾಯಿ ಹಾಕಿ ಎರಡು ಸಲ ಕೊಡವಿತು. ಅದರ ಯಜಮಾನರು ಓಡಿ ಬರುತ್ತಾ "ಏನೂ ಮಾಡಲ್ಲ, ಏನೂ ಮಾಡಲ್ಲ" ಅನ್ನುತ್ತಿದ್ದರು. ಅದು ಮಾಡುತ್ತಿರುವಾಗಲೇ.

ಹೊರಗೆ ಕಂಡಿದ್ದು ಎರಡೇ ಹಲ್ಲಿನ ಗುರುತು. ಆಸ್ಪತ್ರೆಯಲ್ಲಿ ಕೂದಲು ಬೋಳಿಸಿ ನೋಡಿದರೆ ಒಳಗೆ ಚರ್ಮವು ಮಾಂಸದಿಂದ ಬಿಟ್ಟುಕೊಂಡು ಅಂಗೈಯಗಲ ಚೀಲದ ಹಾಗಾಗಿತ್ತು. ಕೀವು ಇಳಿಯಲು ನಳಿಕೆ ಇಟ್ಟರು. ಈಗ ಗುಬ್ಬಿ ತಿನ್ನುತ್ತಾಳೆ, ಆಡುತ್ತಾಳೆ. ವಾಸಿಯಾಗದೆ ಉಳಿದಿರುವವಳು ನಾನು. ಅವತ್ತಿನ ಗಲಾಟೆಯಲ್ಲಿ ನನ್ನ ಮಣಿಕಟ್ಟಿಗೂ ಒಂದು ಗೀರು ಬಿದ್ದಿತ್ತು, ಅದೆಲ್ಲ ಒಣಗಿ ಹೋಯಿತು. ಆದರೆ ಎಲ್ಲೋ ಗೇಟು ಕಿರ್ ಅಂದರೂ ಸಾಕು, ಎದೆ ಝಲ್ ಅನ್ನುತ್ತದೆ. ದೂರದಲ್ಲಿ ನಾಯಿ ಕಂಡರೆ ಹಗ್ಗವನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡು ಅಲ್ಲೇ ನಿಂತುಬಿಡುತ್ತೇನೆ. ನಿನ್ನೆ ಬಾಗಿಲವರೆಗೆ ಹೋಗಿ ವಾಪಸ್ ಬಂದೆವು.

ಕೋಲು ಹಿಡಿಯಲೇ? ಖಾರದ ಸ್ಪ್ರೇ ಇಟ್ಟುಕೊಳ್ಳಲೇ? ಅಥವಾ ಕೆಲವು ನಾಯಿಗಳು ಮನೆಯೊಳಗೇ ಇದ್ದು ಬದುಕುತ್ತವೆ ಎಂದು ಸುಮ್ಮನಾಗಲೇ?


ಮೂರನೇ ಮಹಡಿ (ಭಾನುವಾರ, ರಾತ್ರಿ 10:05)

ಓದಿ ಬೇಜಾರಾಯಿತು. ಕೋಲು ಹಿಡಿಯಿರಿ, ಗಟ್ಟಿಯಾದ್ದು. ಬೇರೆ ಮಾತೇ ಬೇಡ. ಬೊಗಳುವ ನಾಯಿ ಕಚ್ಚಲ್ಲ ಅಂತ ದೊಡ್ಡವರು ಸುಮ್ಮನೆ ಹೇಳಿಲ್ಲ, ನಿಮ್ಮ ಮೇಲೆ ಬಂದದ್ದೂ ಬೊಗಳದ ನಾಯಿಯೇ ನೋಡಿ.


ಸೂಜಿಮದ್ದು (ಭಾನುವಾರ, ರಾತ್ರಿ 10:31)

ನಾನು ಪಶುವೈದ್ಯೆ. ಗುಬ್ಬಿಯ ವಿಚಾರ ಆಮೇಲೆ. ಮೊದಲು ನಿಮ್ಮ ಮಣಿಕಟ್ಟು.

ಆ ಗೀರಿನಲ್ಲಿ ರಕ್ತ ಬಂದಿತ್ತೇ? ಸೋಪು ಹಾಕಿ ತೊಳೆದಿರಾ? ವೈದ್ಯರಿಗೆ ತೋರಿಸಿದಿರಾ? ಹಲ್ಲಿನದೋ ಉಗುರಿನದೋ ನಿಮಗೆ ಗೊತ್ತಿರಲಿಕ್ಕಿಲ್ಲ, ಅಂಥ ಗಲಾಟೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಚರ್ಮ ಹರಿದು ಜೊಲ್ಲು ತಾಗಿದ್ದರೆ ರೇಬೀಸ್ ಲೆಕ್ಕದಲ್ಲಿ ಅದು ಗಾಯವೇ. ಒಣಗಿತು ಎಂದರೆ ಮುಗಿಯಿತು ಎಂದಲ್ಲ. ಆ ವೈರಸ್ಸು ನರದ ದಾರಿ ಹಿಡಿದು ನಿಧಾನವಾಗಿ ಮಿದುಳಿಗೆ ಹೋಗುತ್ತದೆ, ಸಾಮಾನ್ಯವಾಗಿ ಎರಡು ಮೂರು ತಿಂಗಳು, ಕೆಲವೊಮ್ಮೆ ವಾರ, ಕೆಲವೊಮ್ಮೆ ವರ್ಷ. 1885ರಲ್ಲಿ ಲೂಯಿ ಪ್ಯಾಶ್ಚರ್ 9 ವರ್ಷದ ಹುಡುಗನೊಬ್ಬನಿಗೆ ಕಚ್ಚಿಸಿಕೊಂಡ ಮೇಲೆ ಲಸಿಕೆ ಹಾಕಿ ಉಳಿಸಲು ನೋಡಿದ್ದು ಈ ನಿಧಾನವನ್ನೇ ನಂಬಿ. ಲಕ್ಷಣ ಶುರುವಾದ ಮೇಲೆ ಉಳಿದವರು ಇಲ್ಲ ಎನ್ನುವಷ್ಟು ಕಡಿಮೆ. ಅದಕ್ಕೆ ಮುಂಚೆ ಹೋದರೆ ತಡೆಯಬಹುದು. 11 ದಿನ ಆಗಿಹೋಯಿತಲ್ಲ ಎಂದು ಬಿಡಬೇಡಿ, ನಾಳೆ ಬೆಳಿಗ್ಗೆಯೇ ಹೋಗಿ.

ಇನ್ನೊಂದು ಕೆಲಸ. ಆ ನಾಯಿ ಈಗ ಹೇಗಿದೆ ಎಂದು ಕೇಳಿಕೊಂಡು ಹೋಗಿ. ಕಚ್ಚಿದ ನಾಯಿ 10 ದಿನದ ನಂತರವೂ ಆರೋಗ್ಯವಾಗಿದ್ದರೆ, ಕಚ್ಚಿದಾಗ ಅದರ ಜೊಲ್ಲಿನಲ್ಲಿ ವೈರಸ್ ಇರಲಿಲ್ಲ ಎಂದು ತಿಳಿಯಬಹುದು. ಆದರೆ ಆ ತೀರ್ಮಾನ ವೈದ್ಯರದು. ನಿಮ್ಮದೂ ಅಲ್ಲ, ನನ್ನದೂ ಅಲ್ಲ.

ಮೂರನೇ ಮಹಡಿಯವರೇ, ಆ ಗಾದೆ ನಾಯಿಗಳಿಗೆ ಯಾರೂ ಹೇಳಿಕೊಟ್ಟಿಲ್ಲ. ಬೊಗಳಿ ಕಚ್ಚಿದವನ್ನು ದಿನಾ ನೋಡುತ್ತೇನೆ.


ಗುಬ್ಬಿಯಮ್ಮ (ಭಾನುವಾರ, ರಾತ್ರಿ 10:40)

ರಕ್ತ ಬಂದಿತ್ತು, ಸ್ವಲ್ಪ. ಬರೀ ನೀರಲ್ಲಿ ತೊಳೆದೆ ಅಷ್ಟೆ. ಗುಬ್ಬಿಯ ಚಿಂತೆಯಲ್ಲಿ ನನ್ನ ಕೈ ನೆನಪೇ ಬರಲಿಲ್ಲ. ನಾಳೆ ಹೋಗುತ್ತೇನೆ ಡಾಕ್ಟ್ರೇ. ಆ ಮನೆಗೆ ಹೋಗಿ ಕೇಳುವುದಕ್ಕೆ ಮಾತ್ರ ಧೈರ್ಯವಿಲ್ಲ.


ಹಳೇ ಚೈನು (ಸೋಮವಾರ, ಬೆಳಿಗ್ಗೆ 6:15)

ನಾಯಿ ಸಾಕಿ ಇಪ್ಪತ್ತು ವರ್ಷ ಮೇಲಾಯಿತು, ಈಗಿರುವುದು ಐದನೆಯದು. ಎರಡು ಸಲ ನನ್ನ ನಾಯಿಗಳ ಮೇಲೆ ಬೇರೆ ನಾಯಿ ಬಿದ್ದಿವೆ. ಒಂದು ಸಲ ನನ್ನ ನಾಯಿಯೇ ಬಿದ್ದಿದೆ, ಅದನ್ನೂ ಹೇಳಿಬಿಡುತ್ತೇನೆ.

ಅಕ್ಕಾ, ಮೊದಲು ಆ ಹಗ್ಗ ಕೈಗೆ ಸುತ್ತುವುದನ್ನು ಬಿಡಿ. ನಾಯಿ ಜಗ್ಗಿದರೆ ಬೆರಳು ಮುರಿಯುತ್ತದೆ, ನೀವು ಬಿದ್ದರೆ ಬಿಡಿಸಿಕೊಳ್ಳಲೂ ಆಗುವುದಿಲ್ಲ. ಹಿಡಿಕೆಯ ಕುಣಿಕೆಯೊಳಗೆ ಹೆಬ್ಬೆರಳು ಹಾಕಿ, ಅಂಗೈಯಲ್ಲಿ ಮುಚ್ಚಿಕೊಂಡರೆ ಸಾಕು. ಒಂದೂವರೆಯಿಂದ ಎರಡು ಮೀಟರಿನ ಸಾದಾ ಹಗ್ಗ ಇರಲಿ. ಗುಂಡಿ ಒತ್ತಿದರೆ ಉದ್ದವಾಗಿ ಬಿಚ್ಚಿಕೊಳ್ಳುತ್ತದಲ್ಲ, ಆ ಡಬ್ಬಿಯದ್ದು ಬೇಡವೇ ಬೇಡ. ಬೇಕಾದಾಗ ನಾಯಿಯನ್ನು ಹತ್ತಿರ ಎಳೆದುಕೊಳ್ಳಲು ಆಗುವುದಿಲ್ಲ, ಅದರ ತೆಳು ದಾರ ಕಾಲಿಗೆ ಉಜ್ಜಿದರೆ ಸುಟ್ಟ ಹಾಗೆ ಗಾಯ.

ಎರಡನೆಯದು, ಕಣ್ಣು. ಈಗ ನೀವು ನಾಯಿಗಳನ್ನು ಹುಡುಕಿಕೊಂಡು ನಡೆಯುತ್ತಿದ್ದೀರಿ. ನಾನು ಗೇಟು ಹುಡುಕುತ್ತೇನೆ. ಯಾವುದು ತೆರೆದಿದೆ, ಯಾವ ಕಾಂಪೌಂಡು ಗಿಡ್ಡ, ನಿಂತ ಕಾರು ಎಲ್ಲಿದೆ, ಎಲ್ಲಿ ಸರಕ್ಕನೆ ಒಳಗೆ ನುಗ್ಗಬಹುದು. ಮುಂದೆ ನಾಯಿ ಕಂಡರೆ ಅದು ನಮ್ಮನ್ನು ನೋಡುವ ಮುಂಚೆಯೇ ತಿರುಗುತ್ತೇನೆ, ಆತುರವಿಲ್ಲದೆ, ಏನೋ ಮರೆತುಬಂದವನ ಹಾಗೆ. ಓಡಿದರೆ ಅಟ್ಟಿಸಿಕೊಂಡು ಬರುತ್ತವೆ, ಅದು ಅವುಗಳ ರಕ್ತದಲ್ಲಿರುವ ಆಟ. ನಿಂತ ಕಾರನ್ನು ನಡುವೆ ಇಟ್ಟುಕೊಂಡರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ. ಒಂದನ್ನೊಂದು ಕಾಣದಿದ್ದರೆ ಬಿಸಿ ಇಳಿಯುತ್ತದೆ.

ಮೂರನೆಯದು, ಜೇಬಿನಲ್ಲಿ ತಿಂಡಿ. ನಿಮ್ಮ ನಾಯಿಗಲ್ಲ, ಬರುವ ನಾಯಿಗೆ. ಒಂದು ಹಿಡಿ ಅದರ ಮೂತಿಯ ಮುಂದೆ ನೆಲಕ್ಕೆ ಚೆಲ್ಲಿ. ಸುಮ್ಮನೆ ಮೂಸಲು ಬರುವ ಹತ್ತು ನಾಯಿಗಳಲ್ಲಿ ಒಂಬತ್ತು ತಲೆ ಬಗ್ಗಿಸುತ್ತವೆ (ಇದು ನನ್ನ ಕಣ್ಣಂದಾಜು, ಯಾರೂ ಎಣಿಸಿದ್ದಲ್ಲ). ಕಚ್ಚಲೆಂದೇ ಬಂದದ್ದು ತಿಂಡಿ ನೋಡುವುದಿಲ್ಲ, ಅದೂ ನಿಜ.

ಕೋಲಿನ ಬಗ್ಗೆ: ಕೋಲು ಹಿಡಿದವರಿಗೆ ಬೀಸಬೇಕು ಅನ್ನಿಸುತ್ತದೆ. ಕಚ್ಚಿ ಹಿಡಿದ ನಾಯಿಗೆ ಹೊಡೆದರೆ ಅನೇಕ ಸಲ ಹಿಡಿತ ಇನ್ನೂ ಬಿಗಿಯಾಗುತ್ತದೆ. ನಡುವೆ ಅಡ್ಡ ಹಿಡಿಯಲು, ದೂರ ಇಡಲು ಕೋಲು ಸರಿ. ಖಾರದ ಸ್ಪ್ರೇ ಗಾಳಿ ತಿರುಗಿದರೆ ನಿಮ್ಮ ಕಣ್ಣಿಗೆ, ಗುಬ್ಬಿಯ ಮೂಗಿಗೆ. ನನ್ನ ಕೈಯಲ್ಲಿ ಇರುವುದು ಛತ್ರಿ. ಗುಂಡಿ ಒತ್ತಿದ ಕೂಡಲೇ ಫಟ್ ಎಂದು ಬಿಚ್ಚಿಕೊಳ್ಳುತ್ತದೆ. ಬರುವ ನಾಯಿಗೆ ಎದುರಿಗೆ ಇದ್ದಕ್ಕಿದ್ದಂತೆ ಗೋಡೆ ಎದ್ದ ಹಾಗೆ. ನಗಬೇಡಿ, ಎರಡು ಸಲ ಕೆಲಸ ಮಾಡಿದೆ.


ನೋಡ್ರಿಪಾ (ಸೋಮವಾರ, ಬೆಳಿಗ್ಗೆ 7:50)

ಇಷ್ಟೆಲ್ಲಾ ಯಾಕ್ರೀ. ಆರು ಕಿಲೋ ನಾಯಿ, ಎತ್ಗೊಂಡ್ ಎದಿಗೆ ಅವಚ್ಕೊಂಡ್ರ ಮುಗೀತ.


ಸಂಜೆ ಮಲ್ಲಿಗೆ (ಸೋಮವಾರ, ಬೆಳಿಗ್ಗೆ 8:20)

ಎತ್ತಿಕೊಂಡೇ ನನ್ನ ತೋಳಿಗೆ ಒಂಬತ್ತು ಹೊಲಿಗೆ ಬಿದ್ದದ್ದು ಅಣ್ಣಾ. ಮೇಲೆ ಹೋದದ್ದನ್ನು ಹಿಡಿಯಲು ಅದು ಹಾರಿತು. ಎದೆ ಹತ್ತಿರ ನಾಯಿ, ಅದರ ಹತ್ತಿರ ನನ್ನ ಮುಖ. ಸ್ವಲ್ಪದರಲ್ಲಿ ಕಣ್ಣು ಉಳಿಯಿತು.


ನೋಡ್ರಿಪಾ (ಸೋಮವಾರ, ಬೆಳಿಗ್ಗೆ 8:31)

ಅಯ್ಯ, ಹಂಗಂತೀರೇನ್ರಿ. ಮತ್ತ ಕೆಳಗ ಬಿಟ್ರ ಅದರ ಗತಿ ಏನ್ ತಂಗೀ? ನೋಡ್ಕೋತ ನಿಂದ್ರಾಕ ಆಗ್ತದೇನು?


ಹಳೇ ಚೈನು (ಸೋಮವಾರ, ಬೆಳಿಗ್ಗೆ 9:02)

ಇಬ್ಬರದೂ ಸರಿ, ಅದೇ ಕಷ್ಟ. ಎತ್ತುವುದಾದರೆ ಬೇಗ ಎತ್ತಬೇಕು, ಆ ನಾಯಿ ಇನ್ನೂ ದೂರ ಇರುವಾಗ. ಎತ್ತಿದ ಮೇಲೆ ನಿಲ್ಲಲು ಒಂದು ಜಾಗ ಬೇಕು: ಒಂದು ಗೇಟಿನೊಳಗೆ, ಕಾರಿನ ಮೇಲೆ, ಎತ್ತರದ ಕಟ್ಟೆ. ಬೆನ್ನು ತೋರಿಸಿ, ಕಿರುಚದೆ, ಗಿರಗಿರ ತಿರುಗದೆ ನಿಲ್ಲಿ. ಎರಡು ಮೀಟರ್ ಹತ್ತಿರ ಬಂದಾಗಿದ್ದರೆ ಎತ್ತುವ ಹೊತ್ತು ದಾಟಿತು, ಆಗ ನಡುವೆ ಏನಾದರೂ ಹಿಡಿಯಬೇಕು. ಚೀಲ, ಜಾಕೆಟ್ಟು, ಛತ್ರಿ, ಸೈಕಲ್ಲು, ಏನಿದೆಯೋ ಅದು.


ಗುಬ್ಬಿಯಮ್ಮ (ಸೋಮವಾರ, ಮಧ್ಯಾಹ್ನ 1:10)

ಆಸ್ಪತ್ರೆಗೆ ಹೋಗಿ ಬಂದೆ. ಧನುರ್ವಾಯು ಚುಚ್ಚುಮದ್ದು ಆಯಿತು. ಅವರೂ ಮೊದಲು ಕೇಳಿದ್ದು ಅದೇ, "ಆ ನಾಯಿ ಬದುಕಿದೆಯಾ?" ಗೊತ್ತಿಲ್ಲ ಅಂದೆ. ಸಂಜೆಯೊಳಗೆ ತಿಳಿದುಕೊಂಡು ಬನ್ನಿ, ಗೊತ್ತಾಗದಿದ್ದರೆ ಇವತ್ತೇ ರೇಬೀಸ್ ಲಸಿಕೆ ಶುರು ಮಾಡೋಣ ಅಂದರು. ಹೋಗಲೇಬೇಕು ಈಗ.


ಬೆಣ್ಣೆಯ ಮಾಲೀಕ (ಸೋಮವಾರ, ಮಧ್ಯಾಹ್ನ 2:25)

ಬರೆಯಲೋ ಬೇಡವೋ ಎಂದು ಬೆಳಿಗ್ಗೆಯಿಂದ ಯೋಚಿಸುತ್ತಿದ್ದೆ. ನನ್ನದು ರಾಟ್‌ವೈಲರ್, ನಲವತ್ತೆರಡು ಕಿಲೋ, ಹೆಸರು ಬೆಣ್ಣೆ. ನಿಮ್ಮಂಥವರು ರಸ್ತೆ ದಾಟುವುದು ನನ್ನನ್ನು ನೋಡಿ.

ದಾಟುವುದು ತಪ್ಪಲ್ಲ ಮೇಡಂ, ನಾನೂ ದಾಟಿಕೊಳ್ಳುತ್ತೇನೆ. ನನ್ನ ಕಷ್ಟ ಬೇರೆ. ಹಗ್ಗವಿಲ್ಲದ ಸಣ್ಣ ನಾಯಿಗಳು ಓಡಿ ಬಂದು ಬೆಣ್ಣೆಯ ಕಾಲಿಗೆ ಬಾಯಿ ಹಾಕುತ್ತವೆ. ಹಿಂದಿನಿಂದ ಒಬ್ಬರು "ನಮ್ಮದು ತುಂಬಾ ಸಾಧು, ಆಡಕ್ಕೆ ಬರೋದು" ಎಂದು ನಗುತ್ತಾ ಬರುತ್ತಾರೆ. ನನ್ನ ನಾಯಿಗೆ ಹಗ್ಗ ಇದೆ, ಹಿಂದೆ ಸರಿಯಲು ಜಾಗವಿಲ್ಲ. ಅದು ಒಂದು ಸಲ, ಒಂದೇ ಸಲ ತಿರುಗಿ ಕಚ್ಚಿದರೆ ಯಾರ ಹೆಸರು ಹಾಳಾಗುತ್ತದೆ ಎಂದು ನಿಮಗೂ ಗೊತ್ತು. "ನಮ್ಮದು ಸಾಧು" ಅನ್ನುವವರು ಒಂದು ತಿಳಿದುಕೊಳ್ಳಲಿ: ಎದುರಿನ ನಾಯಿ ಸಾಧುವೋ ಅಲ್ಲವೋ ಎಂದು ಅವರು ಕೇಳಿಯೇ ಇಲ್ಲ.

ಅದಕ್ಕೇ ಬೆಣ್ಣೆಗೆ ಬಾಯಿಕುಕ್ಕೆ ಹಾಕುತ್ತೇನೆ. ಬಟ್ಟೆಯ ಪಟ್ಟಿಯಲ್ಲ, ಬುಟ್ಟಿಯಂಥದ್ದು. ಅದರೊಳಗೆ ಬಾಯಿ ತೆರೆದು ತೇಕಬಹುದು, ನೀರು ಕುಡಿಯಬಹುದು, ಸಂದಿಯಿಂದ ತಿಂಡಿಯನ್ನೂ ಕೊಡಬಹುದು. ಬಾಯಿ ಬಿಗಿಯುವ ಪಟ್ಟಿ ಹಾಕಿ ಬಿಸಿಲಲ್ಲಿ ನಡೆಸಿದರೆ ನಾಯಿ ಬೇಯುತ್ತದೆ, ತೇಕುವುದೇ ಅದರ ಬೆವರು. ಕುಕ್ಕೆ ಅಭ್ಯಾಸ ಮಾಡಿಸಲು ಮೂರು ವಾರ ಹಿಡಿಯಿತು, ದಿನಾ ಅದರೊಳಗೆ ತಿಂಡಿ ಇಟ್ಟು. ಈಗ ತಾನೇ ಮೂತಿ ತೂರಿಸುತ್ತದೆ. ಕಚ್ಚುವ ನಾಯಿ ಎಂದಲ್ಲ, ಕಚ್ಚುವ ಪ್ರಸಂಗ ಬಂದರೂ ಕಚ್ಚದಿರಲಿ ಎಂದು. ಆದರೆ ನೋಡಿದವರು ಇನ್ನೂ ಹೆಚ್ಚು ಹೆದರುತ್ತಾರೆ. ಇದಕ್ಕೆ ಮದ್ದು ನನಗೆ ಸಿಕ್ಕಿಲ್ಲ. ನಾವು ಹೋಗುವುದು ಬೆಳಗಿನ ಜಾವ ನಾಲ್ಕೂವರೆಗೆ.


ಮೂರನೇ ಮಹಡಿ (ಸೋಮವಾರ, ಮಧ್ಯಾಹ್ನ 3:00)

ನಿಮ್ಮ ಬಗ್ಗೆ ಅಲ್ಲ ಸರ್, ಆದರೆ ನೇರವಾಗಿ ಹೇಳುತ್ತೇನೆ. ಇಂಥ ಜಾತಿಗಳನ್ನು ಸಾಕಲು ಬಿಡಲೇಬಾರದು. ಪಿಟ್‌ಬುಲ್ ಕಚ್ಚಿದರೆ ದವಡೆಗೆ ಬೀಗ ಬೀಳುತ್ತದೆ, ತೆಗೆಯಲಿಕ್ಕೇ ಆಗುವುದಿಲ್ಲ. ಬ್ರಿಟನ್ನಿನಲ್ಲಿ ನಿಷೇಧ ಮಾಡಿಲ್ಲವೇ?


ಸೂಜಿಮದ್ದು (ಸೋಮವಾರ, ಸಂಜೆ 4:18)

ದವಡೆಗೆ ಬೀಗ ಬೀಳುವ ನಾಯಿ ಇಲ್ಲ. ಎಷ್ಟೋ ನಾಯಿಗಳ ದವಡೆ ನೋಡಿದ್ದೇನೆ, ಮೂಳೆ ಕೀಲು ಎಲ್ಲದರಲ್ಲೂ ಒಂದೇ ಬಗೆ. ಬಿಡದೆ ಹಿಡಿಯುವ ಹಟ ಇದೆ, ಸ್ನಾಯುವಿನ ಬಲ ಇದೆ. ಪರಿಣಾಮ ನೋಡಿದವರಿಗೆ ವ್ಯತ್ಯಾಸ ಕಾಣದಿರಬಹುದು, ಒಪ್ಪುತ್ತೇನೆ.

ನಿಷೇಧದ ವಿಷಯ: ಬ್ರಿಟನ್ 1991ರ ಕಾಯಿದೆಯಲ್ಲಿ ನಾಲ್ಕು ಬಗೆಯನ್ನು ಹೆಸರಿಸಿತು: ಪಿಟ್‌ಬುಲ್ ಟೆರಿಯರ್, ಜಪಾನಿನ ತೋಸಾ, ಡೋಗೊ ಅರ್ಜೆಂಟಿನೊ, ಫಿಲಾ ಬ್ರೆಸಿಲೆರೊ. ಅದಾಗಿ ಮೂವತ್ತು ವರ್ಷದ ಮೇಲೆ ಅಲ್ಲಿ ಜನರನ್ನು ಬೆದರಿಸಿದ್ದು ಪಟ್ಟಿಯಲ್ಲೇ ಇಲ್ಲದ ಎಕ್ಸ್‌ಎಲ್ ಬುಲ್ಲಿ. 2023ರ ಕೊನೆಯಲ್ಲಿ ಅದನ್ನೂ ಸೇರಿಸಬೇಕಾಯಿತು. ನೆದರ್ಲ್ಯಾಂಡ್ಸ್ 1993ರಲ್ಲಿ ಪಿಟ್‌ಬುಲ್ ನಿಷೇಧಿಸಿ, 2008ರಲ್ಲಿ ಪ್ರಯೋಜನ ಕಾಣಲಿಲ್ಲ ಎಂದು ಕೈಬಿಡಲು ನಿರ್ಧರಿಸಿತು. 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನ 18,000ಕ್ಕೂ ಹೆಚ್ಚು ನಾಯಿಗಳ ಸ್ವಭಾವವನ್ನು ಸಾಕಿದವರಿಂದ ಕೇಳಿ ತಿಳಿದು, ಸ್ವಭಾವದ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇ. 9 ಮಾತ್ರ ಎಂದಿತು.

ಹಾಗೆಂದು ತಳಿ ಲೆಕ್ಕಕ್ಕೇ ಇಲ್ಲ ಎನ್ನುವವರ ಗುಂಪಿಗೂ ನನ್ನನ್ನು ಸೇರಿಸಬೇಡಿ. ಸ್ವಭಾವ ಒಂದೇ ಇದ್ದರೂ ನಾಲ್ಕು ಕಿಲೋ ನಾಯಿಯ ಸಿಟ್ಟು ಕಾಲುಚೀಲ ಹರಿಯುತ್ತದೆ, ನಲವತ್ತು ಕಿಲೋದ್ದು ಪ್ರಾಣ ತೆಗೆಯುತ್ತದೆ. ಬೆಣ್ಣೆಯವರು ಕುಕ್ಕೆ ಹಾಕುವುದು ಈ ಲೆಕ್ಕ ಗೊತ್ತಿದ್ದೇ.


ನಡುವೆ ಬಂದವ (ಸೋಮವಾರ, ಸಂಜೆ 4:50)

ಒಂದು ನಾಯಿ ಇನ್ನೊಂದನ್ನು ಕಚ್ಚಿತು. ಇದಕ್ಕೆ ಇಷ್ಟು ಪುರಾಣ. ನಾಯಿ ಅಂದಮೇಲೆ ಕಚ್ಚದೆ ಇನ್ನೇನು ಮಾಡುತ್ತೆ?


ಸಂಜೆ ಮಲ್ಲಿಗೆ (ಸೋಮವಾರ, ಸಂಜೆ 5:05)

ಹೌದು, ಕಚ್ಚುತ್ತದೆ. ಅದಕ್ಕೇ ಪುರಾಣ.


ಗುಬ್ಬಿಯಮ್ಮ (ಸೋಮವಾರ, ರಾತ್ರಿ 8:55)

ಹೋಗಿದ್ದೆ. ಗುಬ್ಬಿಯನ್ನು ಮನೆಯಲ್ಲೇ ಬಿಟ್ಟು, ತಮ್ಮನನ್ನು ಜೊತೆಗೆ ಕರೆದುಕೊಂಡು.

ಗೇಟಿನಿಂದ ಹತ್ತು ಹೆಜ್ಜೆ ದೂರ ನಿಂತು ಕೂಗಿದೆ. ಅವರು ಬಂದರು. ನನ್ನನ್ನು ನೋಡಿ ಮುಖ ಸಣ್ಣದಾಯಿತು. ಜಗಳಕ್ಕೆ ಬಂದಿದ್ದೇನೆ ಎಂದುಕೊಂಡಿರಬೇಕು. ನಾಯಿ ಬದುಕಿದೆಯಾ ಎಂದು ಕೇಳಿದೆ. ಮಾತು ಹೀಗೆ ಬಾಯಿಗೆ ಬಂದದ್ದಕ್ಕೆ ನನಗೇ ನಾಚಿಕೆ. ಜಗಲಿಯಲ್ಲಿ ಮಲಗಿತ್ತು. ತಲೆ ಎತ್ತಿ ನೋಡಿ ಬಾಲವನ್ನು ನೆಲಕ್ಕೆ ಎರಡು ಸಲ ಬಡಿಯಿತು. ನನ್ನ ಕಾಲು ನಡುಗುತ್ತಿತ್ತು. ಲಸಿಕೆಯ ಪುಸ್ತಕ ತಂದು ತೋರಿಸಿದರು, ಈ ವರ್ಷದ್ದೂ ಆಗಿತ್ತು. ಫೋಟೋ ತೆಗೆದುಕೊಂಡು ಆಸ್ಪತ್ರೆಗೆ ಹೋಗಿ ತೋರಿಸಿದೆ. ನಾಯಿ ಚೆನ್ನಾಗಿದೆ, ದಿನ 12 ಆಗಿದೆ, ಲಸಿಕೆಯೂ ಇದೆ, ಹಾಗಾಗಿ ಕೋರ್ಸು ಬೇಡ ಎಂದು ವೈದ್ಯರು ಹೇಳಿದರು.

ಆ ಗೇಟಿನ ಚಿಲಕ ತಿಂಗಳಿಂದ ಹಾಳಾಗಿತ್ತಂತೆ. ಗಾಳಿಗೆ ತಾನೇ ತೆರೆದುಕೊಳ್ಳುತ್ತಿತ್ತು. ಮಾಡಿಸಬೇಕು ಮಾಡಿಸಬೇಕು ಅಂದುಕೊಂಡೇ ಇದ್ದೆವು ಅಂದರು. ಇವತ್ತು ನೋಡಿದರೆ ಸರಪಳಿ ಸುತ್ತಿ ಬೀಗ ಹಾಕಿದ್ದಾರೆ. ಗುಬ್ಬಿಯ ಆಸ್ಪತ್ರೆ ಖರ್ಚು ಕೊಡುತ್ತೇವೆ ಅಂದರು. ಆ ನಾಯಿಯ ಮೇಲೆ ನನಗೆ ಪ್ರೀತಿ ಬಂತು ಅಂತ ಬರೆದರೆ ಸುಳ್ಳಾಗುತ್ತದೆ. ಆದರೆ ಇಷ್ಟು ದಿನ ನನ್ನ ತಲೆಯೊಳಗಿದ್ದ ನಾಯಿಗಿಂತ ಅದು ಸಣ್ಣದಾಗಿತ್ತು.


ಸೂಜಿಮದ್ದು (ಸೋಮವಾರ, ರಾತ್ರಿ 9:20)

ನೆಮ್ಮದಿಯಾಯಿತು. ಇದನ್ನು ಓದುವ ಬೇರೆಯವರಿಗೆ: ಕಚ್ಚಿದ ತಕ್ಷಣ ನಲ್ಲಿ ಬಿಟ್ಟು ಸೋಪು ಹಾಕಿ 15 ನಿಮಿಷ ತೊಳೆಯಿರಿ, ಗಡಿಯಾರ ನೋಡಿಕೊಂಡು. ಹದಿನೈದು ನಿಮಿಷ ಎಷ್ಟು ದೊಡ್ಡದು ಎಂದು ಆಗ ತಿಳಿಯುತ್ತದೆ. ಖಾರದ ಪುಡಿ, ಸುಣ್ಣ, ಎಣ್ಣೆ ಏನೂ ಬೇಡ. ಅದೇ ದಿನ ವೈದ್ಯರು. ನಿಮ್ಮ ನಾಯಿಗೆ ಕಚ್ಚಿದ್ದರೆ ಅದರ ಲಸಿಕೆ ಆಗಿದ್ದರೂ ಇನ್ನೊಂದು ಡೋಸ್ ಬೇಕಾಗುತ್ತದೆ, ಕೇಳಿ ಹಾಕಿಸಿ.

ಮತ್ತು ಗುಬ್ಬಿಗೆ ಆದ ಹಾಗೆ: ನಾಯಿಯ ಚರ್ಮ ಸಡಿಲ. ಹಲ್ಲು ಊರಿ ಕೊಡವಿದಾಗ ಚರ್ಮ ಹಲ್ಲಿನ ಜೊತೆ ಹೋಗುತ್ತದೆ, ಒಳಗಿನ ಮಾಂಸ ಹರಿಯುತ್ತದೆ. ಮೇಲೆ ಸಾಸಿವೆ ಕಾಳಿನಷ್ಟು ತೂತು, ಒಳಗೆ ಗುಹೆ. ಸಣ್ಣ ನಾಯಿಯ ಎದೆ ಹೊಟ್ಟೆಗೆ ಕಚ್ಚಿದ್ದರೆ ಹೊರಗೆ ಏನೂ ಕಾಣದಿದ್ದರೂ ತೋರಿಸಿ. "ಓಡಾಡ್ತಾ ಇದೆ ಡಾಕ್ಟ್ರೇ" ಎಂದು ಎರಡು ದಿನ ಬಿಟ್ಟು ತಂದವುಗಳಲ್ಲಿ ಕೆಲವನ್ನು ಉಳಿಸಲಾಗಲಿಲ್ಲ.


ನೋಡ್ರಿಪಾ (ಸೋಮವಾರ, ರಾತ್ರಿ 9:34)

ಡಾಕ್ಟ್ರ, ಒಂದ್ ಕೇಳ್ತೀನಿ. ಎರಡು ನಾಯಿ ಕಚ್ಚಿ ಹಿಡ್ಕೊಂಡ್ ಬಿದ್ದಾವ ಅನ್ರಿ. ನಡುವ ಕೈ ಹಾಕಬಾರದು, ಹೊಡೀಬಾರದು. ಮತ್ತ ಬಿಡಸೂದು ಹೆಂಗ?


ಹಳೇ ಚೈನು (ಸೋಮವಾರ, ರಾತ್ರಿ 10:10)

ನಾನು ಹೇಳುತ್ತೇನೆ, ತಪ್ಪಿದ್ದರೆ ಡಾಕ್ಟರು ತಿದ್ದಲಿ. ಕುತ್ತಿಗೆ ಪಟ್ಟಿಗೆ ಕೈ ಹಾಕಲೇಬೇಡಿ. ಎಲ್ಲರೂ ಮಾಡುವ ತಪ್ಪು ಅದೇ, ನಿಮ್ಮ ಸ್ವಂತ ನಾಯಿಯೇ ತಿರುಗಿ ಕಚ್ಚುತ್ತದೆ, ಯಾರ ಕೈ ಎಂದು ನೋಡುವ ಸ್ಥಿತಿಯಲ್ಲಿ ಅದು ಇರುವುದಿಲ್ಲ. ಮೊದಲು ದೊಡ್ಡ ಸದ್ದು. ಆಮೇಲೆ ಮುಖಕ್ಕೆ ನೀರು. ಇಲ್ಲದಿದ್ದರೆ ತಲೆಯ ಮೇಲೆ ಕಂಬಳಿಯೋ ಜಾಕೆಟ್ಟೋ. ಅದೂ ಆಗದಿದ್ದರೆ ಇಬ್ಬರು ಬೇಕು, ಒಬ್ಬೊಬ್ಬರು ಒಂದೊಂದು ನಾಯಿಯ ಹಿಂಗಾಲುಗಳನ್ನು ತೊಡೆಯ ಹತ್ತಿರ ಹಿಡಿದೆತ್ತಿ, ತಳ್ಳುಗಾಡಿ ಹಿಂದಕ್ಕೆ ಎಳೆದ ಹಾಗೆ, ಸುತ್ತು ಬಳಸುತ್ತಾ ಹಿಂದೆ ಸರಿಯಬೇಕು. ಬಳಸುತ್ತಾ ಏಕೆಂದರೆ ನೇರ ನಿಂತರೆ ಅದು ಮಡಚಿ ನಿಮ್ಮ ಕೈಗೆ ಬರುತ್ತದೆ. ಹಲ್ಲು ಊರಿರುವಾಗ ಜಗ್ಗಬೇಡಿ, ಮಾಂಸ ಕಿತ್ತು ಬರುತ್ತದೆ. ಹಿಡಿತ ಸಡಿಲವಾದ ಗಳಿಗೆ ಕಾಯಬೇಕು. ಆ ಕಾಯುವುದು ಹೇಳಿದಷ್ಟು ಸುಲಭವಲ್ಲ, ನಾನು ಕಾಯಲಿಲ್ಲ, ಅದರ ಗುರುತು ನನ್ನ ಹಳೇ ನಾಯಿಯ ಕಿವಿಯಲ್ಲಿತ್ತು.


ಗುಬ್ಬಿಯಮ್ಮ (ಗುರುವಾರ, ರಾತ್ರಿ 9:15)

ಹೊಸ ತೊಂದರೆ. ಇದನ್ನು ಹೇಳಲು ಮುಜುಗರ.

ಮಂಗಳವಾರದಿಂದ ಹೊರಗೆ ಹೋಗುತ್ತಿದ್ದೇವೆ, ಗೇಟು ನೋಡಿಕೊಂಡು, ಚೈನಣ್ಣ ಹೇಳಿದ ಹಾಗೆ. ನಿನ್ನೆ ಎದುರಿನಿಂದ ವಯಸ್ಸಾದವರೊಬ್ಬರು ಅಷ್ಟೇ ವಯಸ್ಸಾದ ನಾಯಿಯ ಜೊತೆ ನಿಧಾನವಾಗಿ ಬರುತ್ತಿದ್ದರು. ಗುಬ್ಬಿ ಎರಡು ಕಾಲಲ್ಲಿ ನಿಂತು, ಹಗ್ಗ ಜಗ್ಗಿ, ಹಲ್ಲು ಕಿರಿದು ಬೊಗಳಿದ ರೀತಿ ಇದೆಯಲ್ಲ, ಇವಳು ನನ್ನ ಗುಬ್ಬಿಯಲ್ಲ ಅನ್ನಿಸಿತು. ಅವರು ಆ ಮುದಿ ನಾಯಿಯನ್ನು ತಬ್ಬಿಕೊಂಡ ಹಾಗೆ ಬಗ್ಗಿ, ನಮ್ಮನ್ನೇ ನೋಡುತ್ತಾ ರಸ್ತೆ ದಾಟಿಬಿಟ್ಟರು. ಅವರ ಮುಖದಲ್ಲಿದ್ದದ್ದು ನನ್ನ ಮುಖ.


ಬೆಣ್ಣೆಯ ಮಾಲೀಕ (ಗುರುವಾರ, ರಾತ್ರಿ 9:30)

ನಮ್ಮ ಕಡೆಗೆ ಸ್ವಾಗತ ಮೇಡಂ. (ತಮಾಷೆ. ಆದರೆ ಸ್ವಲ್ಪ ನಿಜ.)


ಸಂಜೆ ಮಲ್ಲಿಗೆ (ಗುರುವಾರ, ರಾತ್ರಿ 10:02)

ಅಕ್ಕಾ, ನಮ್ಮದೂ ಹೀಗೇ ಆಗಿತ್ತು. ಕಚ್ಚಿಸಿಕೊಂಡ ನಾಯಿ ಕಲಿತದ್ದು ಇಷ್ಟೇ: ನಾಯಿ ಹತ್ತಿರ ಬಂದರೆ ನೋವು. ಹಾಗಾಗಿ ಬರುವ ಮುಂಚೆಯೇ ಓಡಿಸೋಣ ಎಂದು ಬೊಗಳುತ್ತದೆ. ಎದುರಿನವರು ಹೇಗೂ ಹೋಗಿಯೇ ಹೋಗುತ್ತಾರೆ, ಇವಳಿಗೆ ತಾನು ಗೆದ್ದೆ ಅನ್ನಿಸುತ್ತದೆ. ಮುಂದಿನ ಸಲ ಇನ್ನೂ ಜೋರು. ಗದರಿಸಿದರೆ, ಹಗ್ಗ ಜಗ್ಗಿದರೆ, "ನೋಡು, ನಾಯಿ ಕಂಡಾಗೆಲ್ಲ ಕುತ್ತಿಗೆಗೂ ನೋವು" ಎಂದು ಅದೇ ಪಾಠ ಗಟ್ಟಿಯಾಗುತ್ತದೆ.

ನಾವು ಮಾಡಿದ್ದು: ಎಷ್ಟು ದೂರದಲ್ಲಿ ನಾಯಿ ಕಂಡರೆ ಅವಳು ನೋಡಿಯೂ ಬೊಗಳುವುದಿಲ್ಲವೋ ಆ ದೂರ ಹುಡುಕಿದೆವು. ನಮ್ಮದಕ್ಕೆ ಅದು ಒಂದು ಮೈದಾನದ ಅಗಲ. ಅಲ್ಲಿ ನಿಂತು, ಅವಳು ನಾಯಿಯನ್ನು ನೋಡಿದ ಕೂಡಲೇ ಬಾಯಿಗೊಂದು ತುಣುಕು. ನಾಯಿ ಮರೆಯಾದರೆ ತಿಂಡಿಯೂ ಬಂದ್. ವಾರಗಟ್ಟಲೆ ಅಷ್ಟೇ. ಒಂದು ದಿನ ಅವಳು ನಾಯಿ ನೋಡಿದವಳೇ ತಿರುಗಿ ನನ್ನ ಕೈ ನೋಡಿದಳು. ಅವತ್ತು ಎರಡು ಹೆಜ್ಜೆ ಹತ್ತಿರ ಹೋದೆವು. ನಾಲ್ಕು ತಿಂಗಳು ಹಿಡಿಯಿತು, ನಡುವೆ ಎರಡು ಸಲ ಮೊದಲಿಂದ ಶುರು. ಒಂದು ದಿನ ಕೆಟ್ಟ ಪ್ರಸಂಗ ಆದರೆ ಮರುದಿನ ಹೊರಗೆ ಹೋಗದೆ ಮನೆಯಲ್ಲೇ ಮೂಸುವ ಆಟ ಆಡಿಸಿ, ಆ ಗಾಬರಿ ಮೈಯಿಂದ ಇಳಿಯಲು ಹೊತ್ತು ಬೇಕು.

ಇನ್ನೊಂದು, ನಿಮ್ಮ ಕೈ. ಹಗ್ಗವನ್ನೇ ಹಾವು ಎಂದು ಹೆದರುವ ಮಾತು ನಾವು ಕೇಳಿದ್ದೇವಲ್ಲ, ಇಲ್ಲಿ ಹಗ್ಗ ನಿಜಕ್ಕೂ ಕಚ್ಚುತ್ತದೆ. ನೀವು ಬಿಗಿ ಹಿಡಿದ ಕ್ಷಣವೇ ಅವಳಿಗೆ ಸುದ್ದಿ ಹೋಗುತ್ತದೆ. ಸ್ವೀಡನ್ನಿನ ಲಿಂಚೊಪಿಂಗ್ ವಿಶ್ವವಿದ್ಯಾಲಯದವರು 2019ರಲ್ಲಿ ನಾಯಿಗಳ ಮತ್ತು ಅವುಗಳನ್ನು ಸಾಕಿದವರ ಕೂದಲಲ್ಲಿ ಕಾರ್ಟಿಸಾಲ್ (ಒತ್ತಡದ ಹಾರ್ಮೋನು) ಅಳೆದು, ತಿಂಗಳುಗಟ್ಟಲೆಯ ಒತ್ತಡ ಇಬ್ಬರಲ್ಲೂ ಜೊತೆಯಾಗಿ ಏರಿಳಿಯುವುದನ್ನು ಕಂಡಿದ್ದರು. ನಾನು ನಾಯಿ ಕಂಡಾಗ ಉಸಿರು ಹೊರಗೆ ಬಿಟ್ಟು ಮೊಣಕೈ ಸಡಿಲ ಮಾಡುವುದನ್ನು ಮನೆಯೊಳಗೇ ಅಭ್ಯಾಸ ಮಾಡಿದೆ, ಬಾಗಿಲ ಹಿಡಿಕೆಗೆ ಹಗ್ಗ ಕಟ್ಟಿ. ಮನೆಯವರೆಲ್ಲ ನಕ್ಕರು.


ಮೂರನೇ ಮಹಡಿ (ಗುರುವಾರ, ರಾತ್ರಿ 10:20)

ಬಾಲ ಆಡಿಸುತ್ತಾ ಬಂದರೆ ಒಳ್ಳೆಯ ನಾಯಿ, ಅಷ್ಟು ನೋಡಿಕೊಂಡರೆ ಸಾಲದೇ?


ಸೂಜಿಮದ್ದು (ಗುರುವಾರ, ರಾತ್ರಿ 10:44)

ಸಾಲದು. ಸಡಿಲ ಮೈಯಿಂದ ಸೊಂಟವೆಲ್ಲ ಬಳುಕುವ ಹಾಗೆ ಆಡಿಸಿದರೆ ಒಂದು. ಕಡ್ಡಿಯಂತೆ ಮೇಲೆತ್ತಿ ತುದಿ ಮಾತ್ರ ಕಂಪಿಸಿದರೆ ಅದು ಬೇರೆಯದೇ ಮಾತು. 2007ರಲ್ಲಿ ಇಟಲಿಯ ಸಂಶೋಧಕರು, ನಾಯಿಗಳು ತಮ್ಮವರನ್ನು ಕಂಡಾಗ ಬಾಲ ಬಲಕ್ಕೆ ಹೆಚ್ಚು, ಗುರುತಿಲ್ಲದ ಜೋರಿನ ನಾಯಿ ಕಂಡಾಗ ಎಡಕ್ಕೆ ಹೆಚ್ಚು ಬೀಸುತ್ತವೆ ಎಂದು ತೋರಿಸಿದ್ದರು. ಎದುರಿಗೆ ನುಗ್ಗಿ ಬರುವಾಗ ಎಡಬಲ ಯಾರು ನೋಡುತ್ತಾರೆ ಬಿಡಿ. ಇಡೀ ಮೈ ನೋಡಿ: ಹೆಜ್ಜೆ ನಿಂತು ಮೈ ಮರಗಟ್ಟಿತೇ, ಬಾಯಿ ಮುಚ್ಚಿತೇ, ಕಣ್ಣು ನೆಟ್ಟಿತೇ, ತಲೆ ತಗ್ಗಿತೇ. ತೇಕುತ್ತಿದ್ದ ನಾಯಿ ಇದ್ದಕ್ಕಿದ್ದಂತೆ ಬಾಯಿ ಮುಚ್ಚಿದರೆ ನಾನು ಚಿಕಿತ್ಸೆಯ ಮೇಜಿನ ಮೇಲೂ ಕೈ ಹಿಂದೆ ತೆಗೆದುಕೊಳ್ಳುತ್ತೇನೆ.

ಗುಬ್ಬಿಯಮ್ಮ, ಬೆನ್ನಿನ ನೋವು ಪೂರ್ತಿ ಹೋಗಿದೆಯೇ ಎಂದು ಒಮ್ಮೆ ತೋರಿಸಿ. ನೋವಿರುವ ನಾಯಿಗೆ ಯಾವ ಪಾಠವೂ ಹತ್ತುವುದಿಲ್ಲ. ಕುತ್ತಿಗೆ ಪಟ್ಟಿ ಬಿಟ್ಟು ಎದೆಗೆ ಹಾಕುವ ಹಾರ್ನೆಸ್ ಇರಲಿ, ಗಾಯಕ್ಕೆ ತಾಗದ ಹಾಗೆ.


ಗುಬ್ಬಿಯಮ್ಮ (ಮೂರು ವಾರದ ನಂತರ, ಶನಿವಾರ, ಬೆಳಿಗ್ಗೆ 7:05)

ಕೇಳಿದವರಿಗೆಲ್ಲ ಇಲ್ಲೇ ಉತ್ತರ.

ನಮ್ಮ ದೂರ ನಲವತ್ತು ಹೆಜ್ಜೆ. ಮೊದಲು ಅರವತ್ತೈದು ಇತ್ತು. ಹಳೇ ದಾರಿಗೆ ಇನ್ನೂ ಹೋಗಿಲ್ಲ. ಹೋಗುತ್ತೇನೋ ಇಲ್ಲವೋ, ಆತುರವಿಲ್ಲ. ಆ ವಯಸ್ಸಾದವರು ಮೊನ್ನೆ ದೂರದಿಂದ ಕಂಡರು, ನಾನೇ ಕೈ ಎತ್ತಿ ನಾವು ಆ ಕಡೆ ಹೋಗುತ್ತೇವೆ ಎಂದು ಸನ್ನೆ ಮಾಡಿ ತಿರುಗಿದೆ. ಅವರೂ ಕೈ ಎತ್ತಿದರು. ಗುಬ್ಬಿ ಒಂದು ಸಲ ಬೊಗಳಿದಳು, ಒಂದೇ ಸಲ.

ಒಂದು ರಾತ್ರಿ ನಿದ್ದೆ ಬರದೆ ಬೆಳಗಿನ ಜಾವ ಕಿಟಕಿಯಲ್ಲಿ ನಿಂತಿದ್ದೆ. ದೀಪದ ಕೆಳಗೆ ಬುಟ್ಟಿ ಕುಕ್ಕೆ ಹಾಕಿದ ದೊಡ್ಡ ನಾಯಿ ಒಂದು ಹೋಯಿತು, ಪಕ್ಕದಲ್ಲಿ ಒಬ್ಬರು ಏನೋ ಮಾತಾಡಿಸುತ್ತಾ. ಬೆಣ್ಣೆಯವರಾ, ನೀವೇನಾ?


ಬೆಣ್ಣೆಯ ಮಾಲೀಕ (ಶನಿವಾರ, ಬೆಳಿಗ್ಗೆ 7:40)

ನಾನಿರಲಿಕ್ಕಿಲ್ಲ ಮೇಡಂ, ಲೋಕ ದೊಡ್ಡದು. ನಾಲ್ಕೂವರೆಗೆ ಏಳುವವರು ಇನ್ನೂ ಇದ್ದಾರೆ ಎಂದಾಯಿತು.


ನೋಡ್ರಿಪಾ (ಶನಿವಾರ, ಬೆಳಿಗ್ಗೆ 8:15)

ಚೈನಣ್ಣಾ, ನಿಮ್ಮ ಮಾತ್ ಕೇಳಿ ಗುಂಡಿ ಒತ್ತೂ ಛತ್ರಿ ತಂದೆ. ನಿನ್ನಿ ಮೊದಲನೇ ಸಲ ಫಟ್ ಅನಿಸಿದೆ. ಎದುರಿನ ನಾಯಿ ಅಲ್ಲೇ ನಿಂತಿತ್ತು. ನಮ್ಮದು ಕೈಯಾಗಿನ ಹಗ್ಗ ಕಿತ್ಗೊಂಡ್ ಮನಿತನಕ ಓಡಿತ್ರಿ.


ಹಳೇ ಚೈನು (ಶನಿವಾರ, ಬೆಳಿಗ್ಗೆ 8:22)

ಹೇಳಲು ಮರೆತೆ. ಮೊದಲು ಮನೆಯೊಳಗೆ, ಪಕ್ಕದ ಕೋಣೆಯಲ್ಲಿ ಬಿಚ್ಚಬೇಕು, ಪ್ರತಿ ಸಲ ಒಂದು ತುಣುಕು ಕೊಟ್ಟು. ಒಂದು ವಾರ. ಆಮೇಲೆ ಎದುರಿಗೆ.